ಕಾಫ್ಕಾ ಸೆಟಪ್‌ಗೆ ದುಡ್ಡು ಕಟ್ಟುವ ಮುಂಚೆ ಇದನ್ನ ಓದಿ

"ನಿಮ್ಮ ಲ್ಯಾಪ್‌ಟಾಪಲ್ಲೇ ಕಾಫ್ಕಾ ಓಡಿಸಿ ಕೊಡ್ತೀವಿ, ಸಪೋರ್ಟ್ ಫ್ರೀ" ಅಂತ ಟ್ರೇನಿಂಗ್ ಸೆಂಟರಿನವರು ದುಡ್ಡು ಕಟ್ಟಿಸಿಕೊಂಡರು. ಕಾಫ್ಕಾ ಅಂದ್ರೆ ಆ್ಯಪ್‌ಗಳ ನಡುವೆ ಮೆಸೇಜ್ ಸಾಗಿಸುವ ಸಾಫ್ಟ್‌ವೇರ್. ಕಳಿಸಿದ್ದು ಹಳೇ ಪಿಡಿಎಫ್. ಮೊದಲನೇ ಸಾಲೇ ಝೂಕೀಪರ್ (ಹಿಂದೆ ಕಾಫ್ಕಾ ಸರ್ವರ್‌ಗಳ ಲೆಕ್ಕ ಇಡುತ್ತಿದ್ದ ಬೇರೆ ಪ್ರೋಗ್ರಾಂ) ಸ್ಟಾರ್ಟ್ ಮಾಡಿ ಅನ್ನುತ್ತೆ. 2025ರ ಮಾರ್ಚಲ್ಲಿ ಬಂದ ಕಾಫ್ಕಾ 4.0ರಿಂದ ಝೂಕೀಪರೇ ಇಲ್ಲ, ಆ ಸ್ಕ್ರಿಪ್ಟೂ ಇಲ್ಲ! ಈಗ ಕ್ರಾಫ್ಟ್ ಮೋಡ್ (KRaft, ಆ ಲೆಕ್ಕವನ್ನ ಕಾಫ್ಕಾನೇ ಇಟ್ಟುಕೊಳ್ಳುವ ವಿಧಾನ) ಮಾತ್ರ, ಬ್ರೋಕರಿಗೆ, ಅಂದ್ರೆ ಕಾಫ್ಕಾ ಸರ್ವರಿಗೆ, ಜಾವಾ 17 ಬೇಕು, ಮೊದಲು ಕಾಫ್ಕಾದ ಸ್ಟೋರೇಜ್ ಫೋಲ್ಡರ್ ಫಾರ್ಮ್ಯಾಟ್ ಮಾಡಬೇಕು. ಇದನ್ನ ಹೇಳಿದರೆ ಬಂದ ಉತ್ತರ: "ಸರ್, ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ."

ಆಮೇಲೆ ಡಾಕರ್ ಕಂಪೋಸ್ ಫೈಲ್ ಕಳಿಸಿದರು, ಕಾಫ್ಕಾವನ್ನ ಕಂಟೇನರ್ ಅನ್ನೋ ಪ್ರತ್ಯೇಕ ಪೆಟ್ಟಿಗೆಯೊಳಗೆ ಓಡಿಸೋಕೆ. ಸ್ಕ್ರೀನ್ ಶೇರಲ್ಲಿ ಮೆಸೇಜ್ ಹೋಯ್ತು, ಬಂತು. "ಆಯ್ತಲ್ಲ ಸರ್, ಐದು ಸ್ಟಾರ್ ಕೊಡಿ." ಕೊಟ್ಟೂ ಆಯ್ತು. ಮೋಸ ಇದ್ದದ್ದು ಅಲ್ಲೇ. ಅವರು ಟೆಸ್ಟ್ ಮಾಡಿದ್ದು ಕಂಟೇನರಿನ ಒಳಗಿಂದ. ಒಳಗಿಂದ! ಹೊರಗಡೆ ನಮ್ಮ ಆ್ಯಪ್ ಓಡಿಸಿದರೆ ಕಾಫ್ಕಾದ 9092 ಪೋರ್ಟ್ ಓಪನ್ ಇದೆ, ಕನೆಕ್ಟೂ ಆಗುತ್ತೆ, ಆದರೆ 'ಅನ್‌ನೋನ್ ಹೋಸ್ಟ್: ಕಾಫ್ಕಾ' ಅಂತ ವಾರ್ನಿಂಗ್, 120000 ಮಿಲಿಸೆಕೆಂಡ್ ಕಾದು ಟೈಮ್‌ಔಟ್. ಟೀಮ್ ಎದುರು ಡೆಮೋ ಕೊಡುವಾಗ ಮಾನ ಹೋಯ್ತು.

ಕಾರಣ ಅಡ್ವರ್ಟೈಸ್ಡ್ ಲಿಸನರ್ಸ್, ಅಂದ್ರೆ 'ನನ್ನನ್ನ ಈ ವಿಳಾಸದಲ್ಲಿ ಹುಡುಕಿ' ಅಂತ ಬ್ರೋಕರ್ ಹೇಳೋ ಸೆಟ್ಟಿಂಗ್. ಕ್ಲೈಂಟ್ (ಇಲ್ಲಿ ನಮ್ಮ ಆ್ಯಪ್) ಮೊದಲು ಕನೆಕ್ಟ್ ಆದಾಗ ಬ್ರೋಕರ್ ತನ್ನ ವಿಳಾಸ ಹೇಳುತ್ತೆ, ಮುಂದಿನ ವ್ಯವಹಾರವೆಲ್ಲ ಆ ವಿಳಾಸದಲ್ಲೇ. ಅವರ ಫೈಲಲ್ಲಿ ಇದ್ದದ್ದು 'ಕಾಫ್ಕಾ:9092' ಒಂದೇ. ಆ ಹೆಸರು ಡಾಕರ್ ನೆಟ್‌ವರ್ಕಿನ ಆಚೆ ಯಾರಿಗೂ ಗೊತ್ತಿಲ್ಲ.

ಕೇಳಿದ್ದಕ್ಕೆ "ನಮ್ಮ ಕಡೆ ವರ್ಕ್ ಆಗ್ತಿದೆ ಸರ್." ಮತ್ತೆ ಕೇಳಿದ್ದಕ್ಕೆ "ಫೈರ್‌ವಾಲ್ ಆಫ್ ಮಾಡಿ." ಕೊನೆಗೆ "ಹೋಸ್ಟ್ಸ್ ಫೈಲಲ್ಲಿ ಎಂಟ್ರಿ ಹಾಕಿ." ಯಾವ ಹೆಸರಿಗೆ ಯಾವ ವಿಳಾಸ ಅಂತ ಬರೆದಿಡೋ ಸಿಸ್ಟಂ ಫೈಲ್ ಅದು, ಅಡ್ಮಿನ್ ರೈಟ್ಸ್ ಇಲ್ಲದ ಆಫೀಸ್ ಲ್ಯಾಪ್‌ಟಾಪಲ್ಲಿ ಯಾರು ಹಾಕ್ತಾರೆ? ರೀಫಂಡ್ ಅಂದ ಕೂಡಲೇ "ಸೆಷನ್ ಕಂಪ್ಲೀಟ್ ಅಂತ ಮಾರ್ಕ್ ಆಗಿದೆ ಸರ್."

ಸರಿಯಾದ ದಾರಿ ಎರಡು ಲಿಸನರ್, ಅಂದ್ರೆ ಬ್ರೋಕರ್ ಕನೆಕ್ಷನ್ ತಗೊಳ್ಳೋ ಎರಡು ವಿಳಾಸ. ಡಾಕರ್ ಒಳಗಿನ ಸರ್ವೀಸ್‌ಗಳಿಗೆ 'ಕಾಫ್ಕಾ:29092', ಹೊರಗಿನ ಆ್ಯಪ್‌ಗೆ 'ಲೋಕಲ್‌ಹೋಸ್ಟ್:9092'. ಎರಡಕ್ಕೂ ಬೇರೆ ಹೆಸರು, ಪ್ರೋಟೋಕಾಲ್ ಮ್ಯಾಪಲ್ಲಿ ಎರಡನ್ನೂ ಪ್ಲೇನ್‌ಟೆಕ್ಸ್ಟ್ (ಎನ್‌ಕ್ರಿಪ್ಷನ್ ಇಲ್ಲದ್ದು) ಅಂತ ಬರೆಯಿರಿ, ಇಂಟರ್ ಬ್ರೋಕರ್ ಲಿಸನರಿಗೆ (ಬ್ರೋಕರ್‌ಗಳು ತಮ್ಮೊಳಗೆ ಮಾತಾಡೋ ವಿಳಾಸ) ಒಳಗಿನದರ ಹೆಸರು ಕೊಡಿ.

ಇಷ್ಟಕ್ಕೇ ಮುಗಿಯಲಿಲ್ಲ. ಒಂದೇ ಬ್ರೋಕರ್ ಇದ್ದಾಗ ಆಫ್‌ಸೆಟ್ಸ್ ಟಾಪಿಕ್ ರೆಪ್ಲಿಕೇಶನ್ ಫ್ಯಾಕ್ಟರ್ (ಎಲ್ಲೀವರೆಗೆ ಓದಿ ಆಯ್ತು ಅನ್ನೋ ದಾಖಲೆಯ ಪ್ರತಿಗಳ ಸಂಖ್ಯೆ) 1 ಮಾಡಲೇಬೇಕು. ಡೀಫಾಲ್ಟ್ 3, ಹಾಗೇ ಬಿಟ್ಟರೆ ಕನ್ಸ್ಯೂಮರ್ ಗ್ರೂಪ್, ಅಂದ್ರೆ ಮೆಸೇಜ್ ಓದೋ ಆ್ಯಪ್‌ಗಳ ಗುಂಪು, ಸುಮ್ಮನೆ ಕೂತಿರುತ್ತೆ. ಅವರ ಸೆಟಪ್ಪಲ್ಲಿ ಡೇಟಾ ಬಿದ್ದಿರೋದು ಟೆಂಪ್ ಫೋಲ್ಡರಲ್ಲಿ, ವಾಲ್ಯೂಮ್ (ಕಂಟೇನರ್ ಅಳಿದರೂ ಡೇಟಾ ಉಳಿಯೋ ಜಾಗ) ಕೂಡ ಇಲ್ಲ. ಕಂಪೋಸ್ ಡೌನ್ ಅಂದ್ರೆ ಕಂಟೇನರೇ ಅಳಿದು ಟಾಪಿಕ್ (ಮೆಸೇಜ್ ಇಡೋ ಖಾನೆ) ಎಲ್ಲಾ ಹೋಯ್ತು. ಲಾಗ್ ಡೈರೆಕ್ಟರಿ (ಕಾಫ್ಕಾ ಡೇಟಾ ಇಡೋ ಫೋಲ್ಡರ್) ಬದಲಿಸಿ ವಾಲ್ಯೂಮ್ ಕಟ್ಟಿ.

ಇಂಥವರ ಹತ್ತಿರ ಹೋಗಲೇಬೇಕು ಅಂದ್ರೆ, ಕಂಟೇನರಿನ ಹೊರಗಿಂದ, ನಿಮ್ಮದೇ ಕೋಡಿಂದ ಒಂದು ಮೆಸೇಜ್ ಹೋಗಿ ಬರೋವರೆಗೆ ದುಡ್ಡೂ ಕೊಡಬೇಡಿ, ಸ್ಟಾರೂ ಕೊಡಬೇಡಿ.