ಗೇಮ್ ಬಾಯ್‌ಗೆ 14500 ಸೆಲ್ ಹಾಕಬೇಡಿ, ನಾನು ಹಾಕಿ ಕಳಕೊಂಡೆ

ಹಳೇ ಗೇಮ್ ಬಾಯ್ ಅಡ್ವಾನ್ಸ್ (ನಿಂಟೆಂಡೊದವರ, ಕೈಯಲ್ಲಿ ಹಿಡಿದು ಆಡುವ ವಿಡಿಯೋ ಗೇಮ್ ಯಂತ್ರ) ಇಟ್ಟುಕೊಂಡು, ಪರದೆ ಇನ್ನೊಂಚೂರು ಬೆಳಗಲಿ ಅಂತ ಆಸೆಪಡುತ್ತಿರುವವರು ದಯವಿಟ್ಟು ಇದನ್ನು ಓದಿ. ಸೆಲ್ ಬದಲಿಸುವ ಉಪಾಯ ನಿಮ್ಮ ಕಿವಿಗೂ ಬಿದ್ದಿರಬಹುದು.

2001ರಲ್ಲಿ ಬಂದಾಗ ಈ ಯಂತ್ರದ ಪರದೆಗೆ ದೀಪವೇ ಇರಲಿಲ್ಲ. ಕಿಟಕಿ ಪಕ್ಕ ಕೂತು, ಬೆಳಕಿಗೆ ಓರೆಯಾಗಿ ಹಿಡಿದು ಆಡಬೇಕಿತ್ತು. 2003ರಲ್ಲಿ ಬಂದ ಎಸ್‌ಪಿ ಅನ್ನುವ ಮುಂದಿನ ಮಾದರಿಗೆ ಮುಂದಿನಿಂದ ಬೆಳಕು ಬಂತು. 2005ರಲ್ಲಿ ಎಜಿಎಸ್-101 ಅನ್ನುವ ಎಸ್‌ಪಿಗೆ ಹಿಂದಿನಿಂದ ಬಂತು. ಆ 101ರ ಪರದೆಯನ್ನು ಬಿಚ್ಚಿ ಹಳೇ ಯಂತ್ರಕ್ಕೆ ಕೂರಿಸುವುದು ಈ ಹುಚ್ಚಿನವರೆಲ್ಲ ಮಾಡುತ್ತಿದ್ದ ಕೆಲಸ. ನಾನೂ ಮಾಡಿದೆ. ಚೆನ್ನಾಗಿಯೇ ಇತ್ತು, ಆದರೆ ಎಸ್‌ಪಿಯಷ್ಟು ಬೆಳಗಲಿಲ್ಲ. ಎಸ್‌ಪಿಯಲ್ಲಿರುವುದು 3.7 ವೋಲ್ಟಿನ ಲಿಥಿಯಂ ಬ್ಯಾಟರಿ. ಹಳೇ ಯಂತ್ರಕ್ಕೆ ಎರಡು ಪೆನ್ಸಿಲ್ (ಎಎ) ಸೆಲ್. ಹೊಸದಾದರೆ ಎರಡೂ ಸೇರಿ 3 ವೋಲ್ಟ್, ರೀಚಾರ್ಜ್ ಸೆಲ್ ಆದರೆ 2.4.

14500 ಅಂತ ಒಂದು ಲಿಥಿಯಂ ಸೆಲ್ ಇದೆ. ಅಳತೆಯಲ್ಲಿ ಪೆನ್ಸಿಲ್ ಸೆಲ್‌ನ ಅವಳಿ. ಆದರೆ ಒಂದೇ ಸೆಲ್ 3.7 ವೋಲ್ಟ್ ಕೊಡುತ್ತದೆ, ಪೂರ್ತಿ ಚಾರ್ಜ್ ಆದಾಗ 4.2. ಒಂದು ಕಡೆ ಇದನ್ನು ಹಾಕಿ, ಇನ್ನೊಂದು ಕಡೆ ಸುಮ್ನೆ ಕರೆಂಟ್ ದಾಟಿಸುವ ಡಮ್ಮಿ ಸೆಲ್ ಹಾಕಿದರೆ ಮುಗೀತು, ಬೆಸುಗೆಯೂ ಬೇಡ ಅಂದರು ಗೊತ್ತಿದ್ದವರು. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡಿಗೆ ಹೋಗಿ ಜೋಡಿ ಸೆಲ್, ಒಂದು ಡಮ್ಮಿ ತಂದೆ. ಸ್ವಿಚ್ ಒತ್ತಿದೆ. ಅಬ್ಬಾ, ಪರದೆ ಬೆಳಗಿದ್ದೇ ಬೆಳಗಿದ್ದು!

ಆ ಖುಷಿ ಎರಡು ದಿನ. ಮೂರನೇ ದಿನಕ್ಕೆ ಕಣ್ಣು ಒಗ್ಗಿಹೋಗಿ, ಮೊದಲಿನಷ್ಟೇ ಇದೆ ಅನಿಸಿತು.

ಒಳಗೆ ಏನಾಗುತ್ತಿತ್ತು ಅಂತ ಆಮೇಲೆ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದಾಗ ತಿಳಿಯಿತು. ಸೆಲ್‌ನ 3 ವೋಲ್ಟನ್ನು 3.3ಕ್ಕೆ, 5ಕ್ಕೆ ಏರಿಸಿಕೊಡುವ ಸರ್ಕ್ಯೂಟ್ ಇದರಲ್ಲಿದೆ. ಏರಿಸುವುದು ಮಾತ್ರ ಅದಕ್ಕೆ ಗೊತ್ತು, ಇಳಿಸುವುದು ಗೊತ್ತಿಲ್ಲ. 4.2 ಕೊಟ್ಟರೆ 3.3 ಇರಬೇಕಾದ ಲೈನಿನಲ್ಲೂ ಹೆಚ್ಚುಕಡಿಮೆ 4 ಹರಿಯುತ್ತದೆ. ಪರದೆಯ ದೀಪ ಬೆಳಗಿದ್ದು ಅದರಿಂದಲೇ. ಆದರೆ ಅದೇ ಲೈನಿನಲ್ಲಿ ಪ್ರೊಸೆಸರ್ ಇದೆ, ಆಟದ ಕಾರ್ಟ್ರಿಜ್ ಇದೆ. ಎಲ್‌ಇಡಿಗೆ ವೋಲ್ಟೇಜ್ ಚೂರು ಹೆಚ್ಚಿದರೆ ಕರೆಂಟ್ ಹಲವು ಪಟ್ಟು ಏರುತ್ತದೆ, ಅದರಲ್ಲಿ ಜಾಸ್ತಿ ಪಾಲು ಬಿಸಿಯಾಗಿ ಹೋಗುತ್ತದೆ. ಯಂತ್ರದ ಬೆನ್ನು ಬೆಚ್ಚಗಾಗುತ್ತಿತ್ತು. ಸ್ಪೀಕರಿನಲ್ಲಿ ಸಣ್ಣ ಗುಂಯ್ ಸದ್ದು. ಒಂದು ಕಾರ್ಟ್ರಿಜ್ ಆಟ ಉಳಿಸಿಕೊಳ್ಳುವುದನ್ನೇ ಬಿಟ್ಟಿತು. ಹಳೇದು, ಅದಕ್ಕೇ ಹೀಗೆ ಅಂದುಕೊಂಡೆ. ನನ್ನ ದಡ್ಡತನಕ್ಕೆ ಏನನ್ನಲಿ!

ಸೆಲ್‌ಗೂ ಸುಖವಿಲ್ಲ. ಈ ಯಂತ್ರದ ಕೆಂಪು ದೀಪ ಪೆನ್ಸಿಲ್ ಸೆಲ್ ಲೆಕ್ಕದಲ್ಲಿ ಎಚ್ಚರಿಸುತ್ತದೆ. ಅದು ಹತ್ತುವ ಹೊತ್ತಿಗೆ ಲಿಥಿಯಂ ಸೆಲ್ ಇಳಿಯಬಾರದಷ್ಟು ಇಳಿದಿರುತ್ತದೆ. ಹಾಗೆ ಸೊರಗಿದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕುವುದೇ ಅಪಾಯ.

ಕೊನೆಗೆ ಆಗಿದ್ದು ಹೀಗೆ. ರಜೆಗೆ ತಂಗಿಯ ಮಗ ಬಂದಿದ್ದ. ಚಾರ್ಜ್ ಇಳಿದಾಗ ಸೆಲ್ ಬಾಗಿಲು ತೆಗೆದಿದ್ದಾನೆ. "ಮಾಮ, ಇದ್ರಲ್ಲಿ ಒಂದು ಡೂಪ್ಲಿಕೇಟ್ ಸೆಲ್ ಇತ್ತು, ನಾನೇ ಬದಲಿಸಿದೆ" ಅಂತ ಹೆಮ್ಮೆಯಿಂದ ಹೇಳಿದ. ಚಾರ್ಜರಿನಲ್ಲಿದ್ದ ಇನ್ನೊಂದು 14500 ತೆಗೆದು, ಅರ್ಧ ಇಳಿದಿದ್ದರ ಜೊತೆಗೇ ಹಾಕಿದ್ದ. ಎರಡೂ ಸೇರಿ 7 ವೋಲ್ಟಿಗೂ ಜಾಸ್ತಿ. ನಾನು ಎದ್ದು ಹೋಗುವಷ್ಟರಲ್ಲಿ ಸುಟ್ಟ ವಾಸನೆ. ಅವನಿಗೆ ಬೈಯಲು ಬಾಯಿ ಬರಲಿಲ್ಲ. ಸೆಲ್ ಥರ ಕಂಡದ್ದನ್ನು ಸೆಲ್ ಜಾಗಕ್ಕೆ ಹಾಕಿದ್ದಾನೆ, ಅಷ್ಟೇ ಅಲ್ವಾ?

ಫ್ಯೂಸ್ ಹಾಕಿಸಿದೆ, ಏಳಲಿಲ್ಲ. ಬೋರ್ಡ್ ಹೋಗಿದೆ ಅಂದರು ರಿಪೇರಿಯವರು. ಬೆಳಕು ಬೇಕೇ ಬೇಕು ಅನ್ನುವವರಿಗೆ ಈಗ ಐಪಿಎಸ್ ಅನ್ನುವ, ಒಳಗೇ ದೀಪವಿರುವ ಹೊಸ ಬಗೆಯ ಪರದೆಯ ಕಿಟ್ ಸಿಗುತ್ತದೆ. ಮಾಮೂಲಿ ಪೆನ್ಸಿಲ್ ಸೆಲ್‌ನಲ್ಲೇ ನಡೆಯುತ್ತದೆ, ಬೆಳಕನ್ನು ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಸೆಲ್ ಬೇಗ ಖಾಲಿಯಾಗುತ್ತದೆ, ಅದನ್ನು ಸಹಿಸಿಕೊಳ್ಳಿ.

ಉಳಿದ 14500 ಸೆಲ್‌ಗಳ ತುದಿಗೆ ಟೇಪ್ ಸುತ್ತಿ, "ಇದು ಪೆನ್ಸಿಲ್ ಸೆಲ್ ಅಲ್ಲ" ಅಂತ ಮಾರ್ಕರಿನಲ್ಲಿ ಬರೆದು ಬೀರುವಿನ ಮೇಲಿಟ್ಟಿದ್ದೇನೆ. ಮೊನ್ನೆ ಗೋಡೆ ಗಡಿಯಾರ ನಿಂತಾಗ ಅಮ್ಮ ಸ್ಟೂಲ್ ಹಾಕಿಕೊಂಡು ಅಲ್ಲಿಗೇ ಕೈ ಚಾಚಿದ್ದರು.