ಟೆಫ್ಲಾನ್ ಪಾಸ್, ಪಾಲಿಅನಿಲಿನ್ ಫೇಲ್: ಎಕ್ಸ್-ಬ್ಯಾಂಡ್ ವೇವ್‌ಗೈಡ್ ಸ್ಯಾಂಪಲ್ ಹೋಲ್ಡರ್, ಎರಡು ವರ್ಷದ ಬಳಕೆಯ ನಂತರ

ವೇವ್‌ಗೈಡ್ ಎಂಬ ಆಯತಾಕಾರದ ಲೋಹದ ಕೊಳವೆಯೊಳಗೆ ವಸ್ತುವಿನ ತುಂಡು ಕೂರಿಸಿ, ಮೈಕ್ರೋವೇವ್ ಹಾಯಿಸಿ ಅದರ ವಿದ್ಯುತ್ ಗುಣ ಅಳೆಯಲು ಬಳಸುವ ಹೋಲ್ಡರ್ ಇದು. ಸ್ಪೆಕ್ ಶೀಟ್ ಎಲ್ಲರೂ ನೋಡಿರುತ್ತೀರಿ, ಅದು ಬಿಡಿ. ಲೊಕೇಟಿಂಗ್ ಪಿನ್‌ಗಳು ಎರಡು ವರ್ಷವಾದರೂ ಸಡಿಲವಾಗಿಲ್ಲ. ಬೆಳಿಗ್ಗೆ ವಿಎನ್‌ಎ (ಅಲೆ ಕಳಿಸಿ, ಮರಳಿದ್ದು ಮತ್ತು ದಾಟಿದ್ದು ಅಳೆಯುವ ವೆಕ್ಟರ್ ನೆಟ್‌ವರ್ಕ್ ಅನಲೈಸರ್) ಆನ್ ಮಾಡಿ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು, ಅಷ್ಟರಲ್ಲಿ ಫ್ಲಾಂಜ್ (ಕೊಳವೆಗಳನ್ನು ಜೋಡಿಸುವ ಅಂಚುಪಟ್ಟಿ) ಮುಖ ಒರೆಸಿ, ನಾಲ್ಕು ಸ್ಕ್ರೂಗಳನ್ನು ಎದುರುಬದುರು ಮೂಲೆಯಂತೆ ಸ್ವಲ್ಪ ಸ್ವಲ್ಪವೇ ಬಿಗಿದರೆ ಸಾಕು. ನೇರ ಜೋಡಣೆ (ಥ್ರೂ), ಲೋಹದಿಂದ ಮುಚ್ಚಿದ ತುದಿ (ಶಾರ್ಟ್), ಒಂಬತ್ತೂವರೆ ಮಿ.ಮೀ. ಆಸುಪಾಸಿನ ಕಾಲು-ತರಂಗದ ತುಂಡು (ಲೈನ್). ಈ ಮೂರನ್ನೂ ಅಳೆದು ಉಪಕರಣವನ್ನು ಸರಿಹೊಂದಿಸುವ ಟಿಆರ್‌ಎಲ್ ಕ್ಯಾಲಿಬ್ರೇಶನ್ ಹತ್ತು ನಿಮಿಷದ ಕೆಲಸ. ಜೊತೆಗೆ ಬಂದ ಟೆಫ್ಲಾನ್ ತುಂಡು ಹಾಕಿದರೆ 8.2ರಿಂದ 12.4 ಗಿಗಾಹರ್ಟ್ಸ್‌ವರೆಗೆ, ಅಂದರೆ ಇಡೀ ಎಕ್ಸ್-ಬ್ಯಾಂಡ್‌ನಲ್ಲಿ, ಎಪ್ಸಿಲಾನ್ (ವಸ್ತು ವಿದ್ಯುತ್ ಕ್ಷೇತ್ರಕ್ಕೆ ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 2.05ರ ಸುತ್ತ ಗೆರೆ ಎಳೆದ ಹಾಗೆ ನಿಲ್ಲುತ್ತದೆ. ನೋಡಲು ಖುಷಿ.

ಮೋಸ ಇರುವುದೂ ಅಲ್ಲೇ. ಗೈಡ್‌ನ ಒಳ ಎತ್ತರ 10.16 ಮಿ.ಮೀ. ಅದರಲ್ಲಿ ತುಂಡಿನ ಮೇಲೋ ಕೆಳಗೋ 0.1 ಮಿ.ಮೀ. ಸಂದು ಉಳಿದರೂ ಟೆಫ್ಲಾನ್ ಕದಲುವುದು ಶೇ. 1ರಷ್ಟೇ. ಅದೇ ಸಂದು ಬಿಟ್ಟು, ಎಪ್ಸಿಲಾನ್ 30, ನಷ್ಟಭಾಗ (ಎಪ್ಸಿಲಾನ್‌ನ ಶಕ್ತಿ ಹೀರುವ ಭಾಗ) 60 ಇರುವ ಪಾಲಿಅನಿಲಿನ್ (ವಿದ್ಯುತ್ ಹರಿಸುವ ಪ್ಲಾಸ್ಟಿಕ್) ಪುಡಿ ಒತ್ತಿ ಮಾಡಿದ ಬಿಲ್ಲೆ ಕೂರಿಸಿದರೆ ಲೆಕ್ಕ ಕೊಡುವುದು 37 ಮತ್ತು 30! 10 ಗಿಗಾಹರ್ಟ್ಸ್‌ನಲ್ಲಿ ನಷ್ಟಭಾಗವನ್ನು 0.556ರಿಂದ ಗುಣಿಸಿದರೆ ವಾಹಕತೆ. ಮೀಟರಿಗೆ 33 ಸೀಮೆನ್ಸ್ ಇದ್ದದ್ದು ಹದಿನಾರೂವರೆಗೆ ಇಳಿಯಿತು. ವಿದ್ಯುತ್ ಕ್ಷೇತ್ರ ಮೇಲಿಂದ ಕೆಳಕ್ಕೆ ಇರುವುದರಿಂದ ಆ ಸಂದು ಸರಣಿಯಲ್ಲಿ ಸೇರಿದ ಕೆಪಾಸಿಟರ್ ಆಗಿಬಿಡುತ್ತದೆ. ಎಡಬಲದ ಗೋಡೆಗಳಲ್ಲಿ ಕ್ಷೇತ್ರ ಸೊನ್ನೆ, ಅಲ್ಲಿನ ಸಂದಿಗೆ ತಲೆಕೆಡಿಸಿಕೊಳ್ಳಬೇಕಿಲ್ಲ. ಮ್ಯಾನುಯಲ್‌ನಲ್ಲಿ ಇದರ ಬಗ್ಗೆ ಒಂದು ಸಾಲೂ ಇಲ್ಲ. ಟೆಫ್ಲಾನ್ ಸರಿ ಬಂದರೆ ಎಲ್ಲ ಸರಿ ಎಂದಷ್ಟೇ ಬರೆದಿದೆ.

ದಾರಿ ಇದೆ, ಖರ್ಚೂ ಹೆಚ್ಚಿಲ್ಲ. ಒತ್ತಿದ ಬಿಲ್ಲೆ ಡೈನಿಂದ ಹೊರಬಂದ ಮೇಲೆ ತುಸು ಉಬ್ಬುತ್ತದೆ, ಹಾಗಾಗಿ ಮರುದಿನ ಅಳೆದು ನಯವಾದ ಉಪ್ಪುಕಾಗದದಲ್ಲಿ ತಿಕ್ಕಿ. ಸಂದು ತುಂಬಲು ಮೇಲಂಚು, ಕೆಳಂಚಿಗೆ ಮಾತ್ರ ಸಣ್ಣ ಬ್ರಷ್‌ನಲ್ಲಿ ವಿದ್ಯುತ್ ಹರಿಸುವ ಸಿಲ್ವರ್ ಪೇಂಟ್ ಹಚ್ಚಿ, ಒಣಗುವ ಮೊದಲೇ ಒಳಗೆ ತಳ್ಳಿ. ಪೇಂಟ್ ಬಿಲ್ಲೆಯ ಮುಖಕ್ಕೆ ಹರಿದರೆ ಆ ಅಳತೆ ಕೆಟ್ಟಿತು ಎಂದೇ ತಿಳಿಯಿರಿ. ದಪ್ಪ 2 ಮಿ.ಮೀ. ಸಾಕು, ಎಸ್21 (ಬಿಲ್ಲೆ ದಾಟಿ ಬಂದ ಸಂಕೇತದ ಪ್ರಮಾಣ) ಸುಮಾರು -25 ಡಿಬಿ ಬರುತ್ತದೆ, 5 ಮಿ.ಮೀ. ಮಾಡಿದರೆ -45 ದಾಟಿ ಕೆಳಗಿಳಿದು ಫೇಸ್ ಕುಣಿಯತೊಡಗುತ್ತದೆ. ಒಣಗಿಸುವ ಆತುರಕ್ಕೆ 100 ಡಿಗ್ರಿ ಮೇಲಿನ ಓವನ್‌ಗೆ ಇಡಬೇಡಿ, ನೀರಿನ ಜೊತೆ, ವಾಹಕತೆ ಬರಲೆಂದು ಪಾಲಿಅನಿಲಿನ್‌ಗೆ ಸೇರಿಸಿದ (ಡೋಪ್ ಮಾಡಿದ) ಹೈಡ್ರೋಕ್ಲೋರಿಕ್ ಆಮ್ಲವೂ ಹೋಗುತ್ತದೆ. ಬಿಲ್ಲೆಯನ್ನು ರಾತ್ರಿಯಿಡೀ ಹಿತ್ತಾಳೆಯ ಹೋಲ್ಡರ್‌ನಲ್ಲೇ ಬಿಟ್ಟರೆ ಗೋಡೆಗೆ ಹಸಿರು ಕಿಲುಬು ಹಿಡಿಯುತ್ತದೆ.

ವಿಎನ್‌ಎ ಈಗಾಗಲೇ ಇದ್ದು, ಬಿಲ್ಲೆ ಒತ್ತುವವರು ಧೈರ್ಯವಾಗಿ ತೆಗೆದುಕೊಳ್ಳಬಹುದು. ತೆಳು ಫಿಲ್ಮ್ ಅಳೆಯುವವರಿಗೆ ಇದಲ್ಲ. ಐದಕ್ಕೆ ಮೂರೂವರೆ, ಅಂಕ ಕಳೆದದ್ದು ಆ ಮ್ಯಾನುಯಲ್‌ಗೆ.