ಮಕ್ಕಳ ಇಯರ್‌ಮಫ್: ಎರಡು ವರ್ಷ ಬಳಸಿದ ಮೇಲೆ

ಗಟ್ಟಿಮೇಳದ ಹೊತ್ತಿಗೆ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿಯುವ ಮಗುವನ್ನು ಹಟಮಾರಿ ಅನ್ನುವವರು ಇನ್ನೂ ಇದ್ದಾರೆ. ಆಟಿಸಂ, ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ಸ್ಥಿತಿ) ಇರುವ ಎಷ್ಟೋ ಮಕ್ಕಳಿಗೆ ಸದ್ದು ಪೆಟ್ಟು ಬಿದ್ದ ಹಾಗೇ ತಾಗುತ್ತದೆ. ಎರಡೂ ಕಿವಿ ಮುಚ್ಚಿ ಸದ್ದು ತಗ್ಗಿಸುವ, ಬ್ಯಾಟರಿ ಇಲ್ಲದ, ತಲೆಪಟ್ಟಿ ಇರುವ ಸಾದಾ ಇಯರ್‌ಮಫ್ ಅವರಿಗೆ ದೊಡ್ಡ ಆಸರೆ. ಐದಕ್ಕೆ ನಾಲ್ಕು ಅಂಕ.

ನಾವು ಬಳಸಿದ ಮಫ್‌ನ ಎಸ್‌ಎನ್‌ಆರ್ (ಸದ್ದನ್ನು ಎಷ್ಟು ತಗ್ಗಿಸುತ್ತದೆ ಎಂಬ ಯುರೋಪಿನ ಅಳತೆ) 27 ಡೆಸಿಬಲ್, ತೂಕ 200 ಗ್ರಾಂ ಒಳಗೆ. ಕೆಲವು ಡಬ್ಬಗಳ ಮೇಲೆ ಅಮೆರಿಕದ ಎನ್‌ಆರ್‌ಆರ್ ಅಳತೆ ಇರುತ್ತದೆ. ಅದೇ ಮಫ್‌ಗೂ ಆ ಸಂಖ್ಯೆ ಕಡಿಮೆ ಬರುತ್ತದೆ, ಎರಡನ್ನೂ ಹೋಲಿಸಬೇಡಿ. ಪೂರ್ತಿ ಮೌನವನ್ನೂ ನಿರೀಕ್ಷಿಸಬೇಡಿ. ನಮ್ಮನೆ ಮಿಕ್ಸಿ ಪಕ್ಕದ ಮನೆಯದರಷ್ಟು ಕೇಳುತ್ತದೆ, ಹತ್ತಿರ ಕೂತು ಆಡಿದ ಮಾತು ತಿಳಿಯುತ್ತದೆ. ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಬಸ್ಸಿನ ಎಂಜಿನ್ನಿನಂಥ ಒಂದೇ ಸಮನೆಯ ಗುಂಯ್ ಸದ್ದನ್ನು ಚೆನ್ನಾಗಿ ತಗ್ಗಿಸುತ್ತದೆ. ಥಟ್ಟನೆ ಬರುವ ಕುಕ್ಕರ್ ಕೂಗು, ನಾಯಿ ಬೊಗಳುವುದು ಅದರ ಕೈಗೆ ಅಷ್ಟಾಗಿ ಸಿಗುವುದಿಲ್ಲ.

ಮಫ್ ಕೆಲಸ ಮಾಡುವುದು ಮೆತ್ತೆ ಚರ್ಮಕ್ಕೆ ಪೂರ್ತಿ ಅಂಟಿದಾಗ ಮಾತ್ರ. ಜಡೆ, ಮುಡಿದ ಮಲ್ಲಿಗೆ, ಜುಮುಕಿ, ಕನ್ನಡಕದ ಕಡ್ಡಿ, ಯಾವುದು ನಡುವೆ ಬಂದರೂ ಸಂದಿನಿಂದ ಸದ್ದು ನುಗ್ಗುತ್ತದೆ. ಹಾಕಿದ ಮೇಲೆ ಕಿವಿ ಮುಚ್ಚುವ ಕಪ್ಪಿನ ಸುತ್ತ ಬೆರಳಾಡಿಸಿ, ಅಡಿಗೆ ಸಿಕ್ಕ ಕೂದಲನ್ನು ಹೊರಗೆ ಸರಿಸಿ. ತಲೆಗೆ ಹಚ್ಚಿದ ಎಣ್ಣೆ ಮತ್ತು ಬೆವರು ಸೇರಿ ಮೆತ್ತೆ ಗಡುಸಾಗಿ ಬಿರುಕು ಬಿಡುತ್ತದೆ. ವರ್ಷಕ್ಕೆ ಎರಡು ಸಲ ಬದಲಿಸಬೇಕು. ಆ ಮೆತ್ತೆ ಬಿಡಿಯಾಗಿ ಸುಲಭಕ್ಕೆ ಸಿಗುವುದಿಲ್ಲ, ಒಂದು ಅಂಕ ಕಡಿದದ್ದು ಅದಕ್ಕೇ. ಒರೆಸಲು ಸೋಪು ನೀರಿನ ಬಟ್ಟೆ ಸಾಕು, ಸ್ಯಾನಿಟೈಸರ್ ಬೇಡ.

ಹೆಚ್ಚಿನವರು ಸೋಲುವುದು ಇಲ್ಲಿ: ಮಗು ಅಳಲು ಶುರುಮಾಡಿದ ಮೇಲೆ ಬಲವಂತವಾಗಿ ತಲೆಗೆ ಸಿಕ್ಕಿಸುತ್ತಾರೆ. ಆ ಹೊತ್ತಿಗೆ ತಲೆ ಮುಟ್ಟುವುದೇ ಇನ್ನೊಂದು ಹಿಂಸೆ. ಮುಂದೆ ಮಫ್ ಕಂಡರೂ ಮಗು ಓಡುತ್ತದೆ.

ಮೊದಲು ಮೂರು ನಾಲ್ಕು ದಿನ ಮಫ್ ಆಟದ ಸಾಮಾನಿನ ಜೊತೆ ಬಿದ್ದಿರಲಿ. ಗೊಂಬೆಗೆ ಹಾಕಿ, ನೀವೂ ಹಾಕಿಕೊಳ್ಳಿ. ಆಮೇಲೆ ಸದ್ದಿಲ್ಲದ ಹೊತ್ತಿನಲ್ಲಿ, ಮಗುವಿನ ಇಷ್ಟದ ಆಟದ ನಡುವೆ ಒಂದೆರಡು ನಿಮಿಷ. ಅದು ಒಗ್ಗಿದ ಮೇಲೆ ಅಡುಗೆಮನೆ. ಕುಕ್ಕರ್ ಕೂಗುವ ಮುಂಚೆ ವೆಯ್ಟ್ ಅಲುಗಾಡಿ ಸುಸ್ಸ್ ಎಂದು ಹಬೆ ಬಿಡುತ್ತದಲ್ಲ, ಅದೇ ಸೂಚನೆ. ಆಗ ಮಗು ತಾನೇ ಮಫ್ ಹಾಕಿಕೊಳ್ಳಲಿ, ಕೂಗು ನಿಂತ ಮೇಲೆ ತಾನೇ ತೆಗೆಯಲಿ. 'ಸದ್ದು ಬರುತ್ತೆ, ಹಾಕ್ಕೋತೀನಿ, ಸದ್ದು ಹೋಗುತ್ತೆ' ಅನ್ನುವುದು ಕೈಗೇ ರೂಢಿಯಾಗಬೇಕು.

ತಲೆಪಟ್ಟಿಗೆ ಒಂದು ಹಳದಿ ಸ್ಟಿಕ್ಕರ್ ಅಂಟಿಸಿ. ಮಗು ನೆಮ್ಮದಿಯಾಗಿದ್ದಾಗ ಬಣ್ಣದ ಮಾತು ಕಲಿಸಿ: ಹಸಿರು ಅಂದರೆ ಆರಾಮ, ಹಳದಿ ಅಂದರೆ ಭುಜ ಬಿಗಿಯುತ್ತಿದೆ, ಗುನುಗು ಜೋರಾಗುತ್ತಿದೆ, ಕೆಂಪು ಅಂದರೆ ತಡೆಯೋಕಾಗ್ತಿಲ್ಲ. ಮಫ್ ಹಳದಿಯ ಸಾಮಾನು. ಕೆಂಪಿಗೆ ಬೇಕಾದದ್ದು ಜನರೂ ಬೆಳಕೂ ಕಡಿಮೆ ಇರುವ ಮೂಲೆ ಮತ್ತು ಎರಡೇ ಮಾತು: 'ಇಲ್ಲೇ ಇದ್ದೀನಿ.' ಆ ಹೊತ್ತಿನಲ್ಲಿ 'ಏನಾಯ್ತು ಪುಟ್ಟಾ' ಎಂಬ ಪ್ರಶ್ನೆಯೂ ಹೊರೆಯೇ. 'ತಲೆ ತುಂಬಿತು' ಎಂದು ಮಗು ತನ್ನದೇ ಮಾತು ಕಟ್ಟಿಕೊಂಡರೆ ಎಲ್ಲರೂ ಅದನ್ನೇ ಬಳಸಿ.

ಮದುವೆಮನೆಯಲ್ಲಿ ಮಫ್ ಮೊದಲಿಂದಲೂ ಕುತ್ತಿಗೆಯಲ್ಲಿರಲಿ. ಪುರೋಹಿತರು 'ಗಟ್ಟಿಮೇಳ' ಅಂದು ವಾಲಗದವರಿಗೆ ಕೈಸನ್ನೆ ಮಾಡಿದಾಗ ಸಿಗುವುದು ಕೆಲವೇ ಸೆಕೆಂಡು. ದೀಪಾವಳಿಗೆ ಇದೊಂದನ್ನೇ ನೆಚ್ಚಬೇಡಿ. ಕಾನೂನು ಒಪ್ಪುವ ಪಟಾಕಿಯೇ 4 ಮೀಟರ್ ದೂರದಲ್ಲಿ 125 ಡೆಸಿಬಲ್‌ವರೆಗೆ ಸದ್ದು ಮಾಡಬಹುದು. ಅದರಲ್ಲಿ 27 ಕಳೆದರೂ ಕಿವಿಗೆ ಬೀಳುವುದು ನೂರರ ಹತ್ತಿರ. ಕಿಟಕಿ ಮುಚ್ಚಿದ ಒಳಕೋಣೆಯೂ ಬೇಕು.

ಊಟದ ಹೊತ್ತಿಗೆ ಮಗು ಅದನ್ನು ಕಿತ್ತೆಸೆದರೆ ಬೈಯಬೇಡಿ. ಕಿವಿ ಮುಚ್ಚಿದಾಗ ತಾನು ಹಪ್ಪಳ ಅಗಿಯುವ ಸದ್ದೇ ಒಳಗೆ ದೊಡ್ಡದಾಗಿ ಕೇಳುತ್ತದೆ. ಇಡೀ ದಿನವಂತೂ ಹಾಕಿಸಲೇಬಾರದು. ಮೌನಕ್ಕೆ ಒಗ್ಗಿದ ಕಿವಿಗೆ ಸಣ್ಣ ಸದ್ದೂ ಚುಚ್ಚತೊಡಗುತ್ತದೆ. ಗಲಾಟೆ ಇರುವಷ್ಟು ಹೊತ್ತು ಸಾಕು, ಆಮೇಲೆ ಮೊದಲು ಒಂದು ಕಪ್, ನಂತರ ಇನ್ನೊಂದು ಎತ್ತಿಸಿ. ರಸ್ತೆ ದಾಟುವಾಗ, ಸೈಕಲ್ ಮೇಲೆ ಬೇಡವೇ ಬೇಡ.

ಇದುವರೆಗೆ ಸುಮ್ಮನಿದ್ದ ಮಗು ಹಠಾತ್ತನೆ ಕಿವಿ ಮುಚ್ಚಿಕೊಳ್ಳತೊಡಗಿದರೆ ಮಫ್ ಕೊಳ್ಳುವ ಮುಂಚೆ ಕಿವಿ ತೋರಿಸಿ, ಸೋಂಕೂ ಇರಬಹುದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಮಕ್ಕಳ ಶ್ರವಣ ಪರೀಕ್ಷೆ ಮಾಡುತ್ತಾರೆ.